ಅರವತ್ತು ರೂಪಾಯಿಯ ಚೆಂಡು ಹೂವು: ಕೆ.ಆರ್. ಮಾರ್ಕೆಟ್‌ನಲ್ಲಿ ನಾವು ಕಲಿತ ಲೆಕ್ಕ

ನಮ್ಮ ಹಾಸ್ಟೆಲ್‌ನಲ್ಲಿ ಯಾರಿಗೂ ಸ್ವಂತ ಹೆಸರು ಉಳಿಯೋದಿಲ್ಲ, ಊರಿನ ಹೆಸರೇ ಹೆಸರು. ಈ ಲೇಖನ ಬರೀತಿರೋ ನಾವು ನಾಲ್ಕು ಜನರೂ ಹಾಗೇ: ಕತ್ತಲಗೆರೆ, ಚನ್ನಗಿರಿ, ನ್ಯಾಮತಿ, ಜಗಳೂರು. ಮೊದಲಿಬ್ಬರು ಬಾಯ್ಸ್ ಹಾಸ್ಟೆಲ್, ಉಳಿದಿಬ್ಬರು ಲೇಡೀಸ್ ಹಾಸ್ಟೆಲ್. ನಾಲ್ವರದೂ ಒಂದೇ ಪ್ರಾಜೆಕ್ಟ್ ಬ್ಯಾಚ್. ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ನಾವು ಹೋಗಿದ್ದು ಸುತ್ತಾಡೋಕೆ ಅಲ್ಲ. ಒಬ್ಬ ಕಳ್ಳನನ್ನು ಹಿಡಿಯೋಕೆ.

ವಿಷಯ ಶುರುವಾಗಿದ್ದು ಕಳೆದ ಆಯುಧಪೂಜೆ ಹೊತ್ತಿಗೆ. ಕತ್ತಲಗೆರೆ ಅಂದ್ರೆ ನಮ್ಮ ಕಡೆ ಕೃಷಿ ಸಂಶೋಧನಾ ಕೇಂದ್ರ ಇರೋ ಊರು ಅಂತ ಎಲ್ಲರಿಗೂ ಗೊತ್ತು. ಸುತ್ತ ಭದ್ರಾ ನಾಲೆ ನೀರು, ಭತ್ತ, ಅಡಿಕೆ. ನಮ್ಮ ಕತ್ತಲಗೆರೆಯ ಮನೆಯಲ್ಲಿ ಹೊಸದಾಗಿ ಅಡಿಕೆ ಸಸಿ ಇಟ್ಟಿದ್ದಾರೆ. ಅದು ಫಸಲಿಗೆ ಬರೋಕೆ ಐದಾರು ವರ್ಷ ಬೇಕು. ಅಲ್ಲೀತನಕ ಮನೆ ನಡೀಬೇಕಲ್ಲ? ಸಾಲಿನ ನಡುವಿನ ಜಾಗದಲ್ಲಿ ಅಪ್ಪಾಜಿ ಚೆಂಡು ಹೂವು ಹಾಕಿದ್ರು. ಹಬ್ಬದ ಮುಂದೆ ಮೂರು ಕ್ವಿಂಟಲ್ ಹೂವು ಕಿತ್ತು ಹತ್ತಿರದ ಪಟ್ಟಣದ ಒಂದು ಮಂಡಿಗೆ ಹಾಕಿದ್ರು. ಎಲ್ಲ ಕಳೆದು ಕೆಜಿಗೆ 22 ರೂಪಾಯಿ ಕೈಗೆ ಬಂತು. ಮಗನ ಕಾಲೇಜು ಫೀಸಿನ ಎರಡನೇ ಕಂತು ಆ ಹೂವಿನ ಮೇಲೇ ನಿಂತಿತ್ತು. ಸಾಲಲಿಲ್ಲ.

ಅದೇ ರಾತ್ರಿ ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ. ಕೆ.ಆರ್. ಮಾರ್ಕೆಟ್, ಚೆಂಡು ಹೂವಿನ ಗುಡ್ಡ, ಯಾರೋ ಕೂಗ್ತಾ ಇದ್ದಾರೆ: "ಅರವತ್ತು, ಅರವತ್ತು!"

60ರಲ್ಲಿ 22 ಹೋದ್ರೆ 38. ಈ 38 ರೂಪಾಯಿ ಯಾರ ಜೇಬಿಗೆ ಹೋಯ್ತು? ಉತ್ತರ ನಮಗೆ ಆಗಲೇ ಗೊತ್ತಿತ್ತು ಅಂದ್ಕೊಂಡ್ವಿ: ದಲ್ಲಾಳಿ. ಪರಿಹಾರವೂ ಗೊತ್ತಿತ್ತು: ಒಂದು ಆ್ಯಪ್. ಆ ಕಡೆ ರೈತ, ಈ ಕಡೆ ಗಿರಾಕಿ, ನಡುವೆ ಯಾರೂ ಇಲ್ಲ. ಸಿನಾಪ್ಸಿಸ್ ಬರೆದು ಗೈಡ್ ಮುಂದೆ ಇಟ್ವಿ. ಅವರು ಓದಿ, "ಆ ನಡುವೆ ಇರೋರು ಏನ್ ಕೆಲಸ ಮಾಡ್ತಾರೆ ಅಂತ ನೋಡಿದೀರೇನ್ರೋ?" ಅಂದ್ರು. ನೋಡಿರಲಿಲ್ಲ. ದೀಪಾವಳಿ ವಾರದಲ್ಲಿ ದಾವಣಗೆರೆಯಿಂದ ರಾತ್ರಿ ರೈಲು ಹತ್ತಿದ್ವಿ.

ಬೆಳಗಿನ ಜಾವ ನಾಲ್ಕು ಗಂಟೆ

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಮೆಟ್ರೋ ಇನ್ನೂ ಶುರುವಾಗಿರಲಿಲ್ಲ. ಕಾಟನ್‌ಪೇಟೆ ದಾರಿ ಹಿಡಿದು ನಡೆದ್ವಿ. ಊರೆಲ್ಲ ಮಲಗಿದೆ, ಮಾರ್ಕೆಟ್ ಮಾತ್ರ ಎದ್ದು ಕೂತಿದೆ. ಹತ್ತಿರ ಬಂದ ಹಾಗೆ ಮೊದಲು ಗೊತ್ತಾಗೋದು ವಾಸನೆ: ಒಂದು ಕಡೆ ಮಲ್ಲಿಗೆ, ಪಕ್ಕದಲ್ಲೇ ಕೊಳೆತ ಎಲೆಕೋಸು. ಆಮೇಲೆ ಸದ್ದು. ಮೇಲ್ಸೇತುವೆ ಕೆಳಗೆ ಟೆಂಪೋಗಳು ಹಿಂದೆ ಮುಂದೆ ಮಾಡ್ತಾ ಇರ್ತವೆ. ತಲೆ ಮೇಲೆ ಮೂಟೆ ಹೊತ್ತ ಹಮಾಲರು "ಸೈಡ್, ಸೈಡ್" ಅಂತ ಓಡ್ತಾನೇ ಬರ್ತಾರೆ. ಅವರು ನಿಲ್ಲಲ್ಲ, ನಾವೇ ಸರೀಬೇಕು. ಮೊದಲ ಐದು ನಿಮಿಷದಲ್ಲಿ ಜಗಳೂರಿನ ಚಪ್ಪಲಿ ಕಿತ್ತು ಹೋಯ್ತು.

ಮುಂದೆ ಕಾಣೋ ಹಳೇ ಕಲ್ಲು ಕಟ್ಟಡ 1928ರದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಿಂದಲೇ ಅದು ಕೃಷ್ಣರಾಜೇಂದ್ರ ಮಾರುಕಟ್ಟೆ. ಅದರ ಹಿಂದೆ ಹೊಸ ಕಟ್ಟಡ. ಸಗಟು ಹೂವಿನ ವ್ಯಾಪಾರ ನಡೆಯೋದು ನೆಲಮಾಳಿಗೆಯಲ್ಲಿ. ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದ್ರೆ ಹಳದಿ, ಕೇಸರಿ, ಬಿಳಿ, ಕೆಂಪು ಗುಡ್ಡಗಳು, ನಡುವೆ ತಲೆಗಳು. ನೀವು ಇನ್‌ಸ್ಟಾಗ್ರಾಂನಲ್ಲಿ ನೋಡಿರೋ ಫೋಟೋ ಅದೇ ಮೆಟ್ಟಿಲಿನದು. ಆದ್ರೆ ಫೋಟೋದಲ್ಲಿ ಕಾಣದೇ ಇರೋದು ಒಂದಿದೆ. ಕೆಳಗಿರೋ ಪ್ರತಿಯೊಬ್ಬರೂ ಒಂದು ಗಡಿಯಾರದ ವಿರುದ್ಧ ಓಡ್ತಾ ಇದ್ದಾರೆ.

ಬೆಲೆ ಇಳಿಯೋ ಗಡಿಯಾರ

ನಾವು ನಿಂತಿದ್ದು ಒಂದು ಚೆಂಡು ಹೂವಿನ ಮಂಡಿ ಪಕ್ಕ. ಚೀಲ ಬಿಚ್ಚಿದ ತಕ್ಷಣ ಕೊಳ್ಳೋರು ಕೈ ಒಳಗೆ ಹಾಕಿ ತಳದಿಂದ ಒಂದು ಹಿಡಿ ಎತ್ತಿ ನೋಡ್ತಾರೆ. ಮೇಲಿನ ಹೂವು ಎಲ್ಲರದೂ ಚೆನ್ನಾಗೇ ಇರುತ್ತೆ. ತಳದ್ದು ಒದ್ದೆಯಾಗಿದ್ರೆ, ಬಿಸಿ ಹಿಡಿದಿದ್ರೆ ಬೆಲೆ ಅಲ್ಲೇ ಬಿತ್ತು. ಹೂವು ಕಿತ್ತ ಮೇಲೂ ಉಸಿರಾಡುತ್ತೆ, ಒತ್ತಿ ತುಂಬಿದ ಚೀಲದಲ್ಲಿ ಆ ಶಾಖ ಹೊರಗೆ ಹೋಗಲ್ಲ. ಥರ್ಮೋಡೈನಾಮಿಕ್ಸ್ ಪೇಪರ್‌ನಲ್ಲಿ ಬರೆದದ್ದನ್ನ ಅಲ್ಲಿ ಅಂಗೈಯಲ್ಲಿ ಮುಟ್ಟಿ ನೋಡಿದ್ವಿ.

ನಾಲ್ಕೂವರೆಗೆ ಬೆಲೆ 60ರಿಂದಲೇ ಶುರುವಾಯ್ತು. ಜಗಳೂರು ನೋಟ್‌ಬುಕ್ ತೆಗೆದು ಗಂಟೆ ಗಂಟೆಗೂ ಬರ್ಕೊಂಡ್ಲು. ಏಳು ಗಂಟೆಗೆ 45. ಒಂಬತ್ತೂವರೆಗೆ 25. ಹನ್ನೊಂದಕ್ಕೆ ಉಳಿದ ಹೂವನ್ನು ಕೇಳೋರೇ ಇಲ್ಲ. ಅದನ್ನ ಗುಡಿಸಿ ಕಸದ ಜೊತೆ ಹಾಕಿದ್ರು. ಇದು ಆ ಒಂದು ದಿನ, ಆ ಒಂದು ಮಂಡಿಯಲ್ಲಿ ನಾವು ಕಂಡ ಬೆಲೆ. ಬೇರೆ ದಿನ ಬೇರೆ ಇರುತ್ತೆ. ಆದ್ರೆ ಇಳಿಯೋ ರೀತಿ ಮಾತ್ರ ಹೆಚ್ಚುಕಮ್ಮಿ ಹೀಗೇ ಅಂತ ಎಲ್ಲರೂ ಹೇಳಿದ್ರು. ವಿಡಿಯೋದಲ್ಲಿ ಕೇಳಿದ "ಅರವತ್ತು" ಸುಳ್ಳಲ್ಲ. ಅದು ಮೊದಲ ಒಂದೆರಡು ಗಂಟೆಯ ಸತ್ಯ.

ನೆದರ್ಲೆಂಡ್ಸ್‌ನ ಆಲ್ಸ್‌ಮೀರ್‌ನಲ್ಲಿ ಜಗತ್ತಿನ ಅತಿ ದೊಡ್ಡ ಹೂವಿನ ಹರಾಜು ನಡೆಯುತ್ತೆ. ಅಲ್ಲಿಯ ಹರಾಜು ನಮ್ಮ ಕಡೆಯ ಹರಾಜಿಗೆ ಉಲ್ಟಾ. ಗೋಡೆ ಮೇಲೆ ದೊಡ್ಡ ಗಡಿಯಾರ, ಬೆಲೆ ಮೇಲಿಂದ ಶುರುವಾಗಿ ಕೆಳಗೆ ಇಳೀತಾ ಬರುತ್ತೆ, ಮೊದಲು ಬಟನ್ ಒತ್ತಿದವನಿಗೆ ಮಾಲು. ಬೇಗ ಕೆಡೋ ಮಾಲಿಗೆ ಇದೇ ಸರಿ, ಯಾಕಂದ್ರೆ ಕ್ಷಣದಲ್ಲಿ ಒಂದು ವ್ಯಾಪಾರ ಮುಗಿಯುತ್ತೆ. ಕೆ.ಆರ್. ಮಾರ್ಕೆಟ್‌ನಲ್ಲಿ ಗೋಡೆ ಗಡಿಯಾರ ಇಲ್ಲ, ಬಿಸಿಲೇ ಗಡಿಯಾರ. ಇಲ್ಲೂ ಬೇಗ ಕೈ ಹಾಕಿದವನಿಗೆ ಒಳ್ಳೇ ಮಾಲು, ಕಾದವನಿಗೆ ಅಗ್ಗದ ಮಾಲು.

ಈಗ ಇದನ್ನ ನಮ್ಮ ಊರಿನ ಬೆಳೆಗಳ ಜೊತೆ ಇಟ್ಟು ನೋಡಿ. ರಾಶಿ ಅಡಿಕೆಯನ್ನು ಒಣಗಿಸಿ ಗೋಡೌನ್‌ನಲ್ಲಿ ಇಟ್ಟು ತಿಂಗಳುಗಟ್ಟಲೆ ಕಾಯಬಹುದು. ಚನ್ನಗಿರಿಯ ತುಮ್‌ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘ ಬೆನ್ನಿಗಿದ್ರೆ "ಇವತ್ತಿನ ಟೆಂಡರ್ ರೇಟ್ ಬೇಡ, ಮುಂದಿನ ವಾರ ನೋಡೋಣ" ಅನ್ನೋ ಧೈರ್ಯ ಬರುತ್ತೆ. ಜಗಳೂರು ಕಡೆಯ ಈರುಳ್ಳಿ ಬೆಂಗಳೂರಿನ ಯಶವಂತಪುರಕ್ಕೆ ಹೋಗುತ್ತೆ. ಅದು ಕೆಲವು ವಾರ ತಡೆಯುತ್ತೆ, ಮಳೆ ಬಂದ್ರೆ ಅದೂ ಇಲ್ಲ. ಚೆಂಡು ಹೂವು? ಇವತ್ತು ಕಿತ್ರೆ ನಾಳೆ ಹನ್ನೊಂದರೊಳಗೆ ಮುಗೀಬೇಕು. ರೈತನಿಗೆ ಸಿಗೋ ಬೆಲೆಯಲ್ಲಿ ದೊಡ್ಡ ಪಾಲು ಅವನ ಮಾಲು ಎಷ್ಟು ಹೊತ್ತು ಕಾಯಬಲ್ಲದು ಅನ್ನೋದರ ಮೇಲೆ ನಿಂತಿದೆ. ನಮ್ಮ ಸಿನಾಪ್ಸಿಸ್‌ನಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಅಂಕಿ ಎಲ್ಲರ ಭಾಷೆ

ಆ ಮಂಡಿಯ ಯಜಮಾನರಿಗೆ ಅರವತ್ತರ ಆಸುಪಾಸು ವಯಸ್ಸು. ನಮ್ಮನ್ನ ಮೊದಲು ರೀಲ್ಸ್ ಮಾಡೋರು ಅಂದ್ಕೊಂಡು ಬೈದ್ರು. "ಹೂ ಬೆಳೆಯೋರ ಮನೆಯವ್ರು, ಅಣ್ಣಾ" ಅಂದ ಮೇಲೆ ಒಂದು ಖಾಲಿ ಬುಟ್ಟಿ ಮಗುಚಿ ಹಾಕಿ ಕೂರೋಕೆ ಹೇಳಿದ್ರು. ಅಲ್ಲಿ ಕೂತು ನಾವು ಮೊದಲ ಗಂಟೆ ಮಾಡಿದ ಕೆಲಸ ಅಂದ್ರೆ ಅವರು ಯಾವ ಭಾಷೆಯಲ್ಲಿ ಮಾತಾಡ್ತಾರೆ ಅಂತ ಎಣಿಸಿದ್ದು.

ದೊಡ್ಡಬಳ್ಳಾಪುರದ ಕಡೆಯಿಂದ ಹೂವು ತಂದ ರೈತರ ಜೊತೆ ಕನ್ನಡ. ಅನಂತಪುರ ಕಡೆಯ ಟೆಂಪೋ ಡ್ರೈವರ್ ಜೊತೆ ತೆಲುಗು. ಹೂವು ಕಟ್ಟೋ ಅಮ್ಮಂದಿರ ಜೊತೆ, ಹೊಸೂರಿನಿಂದ ಗುಲಾಬಿ ತಂದವರ ಜೊತೆ ತಮಿಳು. ಹಮಾಲರ ಜೊತೆ ಬೆಂಗಳೂರಿನ ಉರ್ದು. ಮದುವೆ ಮಂಟಪ ಅಲಂಕಾರ ಮಾಡೋ ಹುಡುಗರ ಜೊತೆ ಹಿಂದಿ. ಐದು ಭಾಷೆ, ಒಂದೂ ವ್ಯಾಕರಣಬದ್ಧ ಅಲ್ಲ, ಒಂದರಲ್ಲೂ ಲೆಕ್ಕ ತಪ್ಪಲ್ಲ. ಅಂಕಿಗಳಂತೂ ಅಲ್ಲಿ ಎಲ್ಲರಿಗೂ ಎಲ್ಲ ಭಾಷೆಯಲ್ಲೂ ಬರುತ್ತೆ. "ಐವತ್ತು" ಅಂತ ಕನ್ನಡದಲ್ಲಿ ಶುರುವಾದ ಚೌಕಾಸಿ "ಪಚಾಸ್", "ಅಂಬದು", "ಯಾಭೈ" ಎಲ್ಲ ದಾಟಿ ಮತ್ತೆ ಕನ್ನಡಕ್ಕೇ ಬಂದು ಮುಗಿಯುತ್ತೆ.

ನಮ್ಮ ಚನ್ನಗಿರಿ ಮನೆಯಲ್ಲಿ ಉರ್ದು ಮಾತಾಡೋನು. ಹಮಾಲರ ಜೊತೆ ಅವನು ಹೋಗಿ ನಿಂತ ಮೇಲೆ ನಮಗೆ ಬೇರೆ ಒಂದು ಲೆಕ್ಕ ಸಿಕ್ತು. ಒಂದು ಮೂಟೆ ಇಳಿಸೋಕೆ ಎಷ್ಟು, ರಾತ್ರಿಗೆ ಎಷ್ಟು ಮೂಟೆ, ಬೆನ್ನು ನೋವಿಗೆ ಎಷ್ಟು. ಅವರು ಅವನನ್ನ ಕೇಳಿದ ಮೊದಲ ಪ್ರಶ್ನೆ, "ಎಲ್ಲಿಯ ಉರ್ದು ಇದು? ನಡುವೆ ಇಷ್ಟೊಂದು ಕನ್ನಡ!" ಅಂತ. ಅವನು ತಿರುಗಿ ಕೇಳಿದ, ನಿಮ್ಮದರಲ್ಲಿ ಇಷ್ಟೊಂದು ತಮಿಳು ಯಾಕೆ ಅಂತ. ಇಬ್ಬರೂ ನಕ್ಕರು.

ಹಾಗೆ ನೋಡಿದ್ರೆ ನಮ್ಮ ಕನ್ನಡವೂ ಸಂತೆಗೆ ಹೋಗಿ ಬಂದದ್ದೇ. ದಲ್ಲಾಳಿ, ಹಮಾಲಿ, ಬಾಕಿ, ವಸೂಲಿ, ನಗದು ಇವೆಲ್ಲ ಅರಬ್ಬಿ ಮೂಲದವು. ಬಜಾರು, ರಶೀದಿ ಪಾರಸಿಯವು. ಅಂಗಡಿ ಬಾಗಿಲಿಗೆ ಹಾಕೋ ಬೀಗದ ಚಾವಿ ಪೋರ್ಚುಗೀಸರದು. ಕತ್ತಲಗೆರೆಯ ಅಪ್ಪಾಜಿ ಮಂಡಿ ಚೀಟಿ ನೋಡ್ತಾ ಬೈಯೋ ಒಂದೊಂದು ವಾಕ್ಯದಲ್ಲೂ ಇವುಗಳಲ್ಲಿ ಮೂರಾದ್ರೂ ಇರ್ತವೆ, ಮತ್ತು ಅದು ಅಪ್ಪಟ ಕನ್ನಡವೇ.

ಅಳತೆಗಳಲ್ಲೂ ಇದೇ ಕತೆ. ಸಗಟಿನಲ್ಲಿ ಕೆಜಿ. ಕಟ್ಟಿದ ಹೂವಿಗೆ ಬಂದ್ರೆ ಮೊಳ, ಮಾರು. ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು. ಯಾರ ಕೈ? ಕಟ್ಟಿದವರ ಕೈ. "ಅಕ್ಕಾ, ನಿಮ್ಮ ಮಾರು ಚಿಕ್ಕದಾಯ್ತು" ಅಂತ ನ್ಯಾಮತಿ ಅಂದಳು. ಆ ಅಕ್ಕ ಇನ್ನೊಂದು ಗೇಣು ಹೂವು ಸೇರಿಸಿ, "ಕೈ ಚಿಕ್ಕದು, ಮನಸ್ಸು ದೊಡ್ಡದು ಮಗಳೇ" ಅಂದ್ರು. ಮಾಪನಶಾಸ್ತ್ರದ ಲ್ಯಾಬ್‌ನಲ್ಲಿ ಈ ಕ್ಯಾಲಿಬ್ರೇಷನ್ ಹೇಳಿಕೊಟ್ಟಿರಲಿಲ್ಲ.

ಈ ಪೇಟೆ ಯಾರದು, ಈ ಹೂವು ಎಲ್ಲಿಯದು

ಏಳು ಗಂಟೆಗೆ ಚಹಾ ಕುಡೀತಾ ಯಜಮಾನರನ್ನ ಕೇಳಿದ್ವಿ: ಇಷ್ಟು ಜನ ಇಲ್ಲಿಗೆ ಯಾಕೆ ಬಂದ್ರು? "ಪೇಟೆ ಅಂದ್ರೇ ಬಂದೋರದು" ಅಂದ್ರು.

ಬೆಂಗಳೂರು ಪೇಟೆ ಕಟ್ಟಿದ್ದು ಕೆಂಪೇಗೌಡರು, 1537ರಲ್ಲಿ. ಕೋಟೆ ಒಳಗೆ ಕಸುಬಿಗೊಂದು, ಮಾಲಿಗೊಂದು ಬೀದಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಆ ಹೆಸರುಗಳು ಈಗಲೂ ಬಸ್‌ನಲ್ಲಿ, ಬೋರ್ಡಿನಲ್ಲಿ ಇವೆ. ಈಗಿನ ಅವೆನ್ಯೂ ರಸ್ತೆಯೇ ಆಗಿನ ದೊಡ್ಡಪೇಟೆ. ಮಾರ್ಕೆಟ್ ಇರೋ ಜಾಗದಲ್ಲಿ ಹಿಂದೆ ಸಿದ್ಧಿಕಟ್ಟೆ ಅನ್ನೋ ಕೆರೆ ಇತ್ತು. 1791ರಲ್ಲಿ ಟಿಪ್ಪುವಿನ ವಿರುದ್ಧ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಮೇಲೆ ಬಿದ್ದಾಗ ಕೋಟೆ, ಪೇಟೆ ಎರಡೂ ರಣರಂಗ. ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಒಂದು ಮಾತು: ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಗೋಸ್ಕರ. 1905ರಲ್ಲಿ ಅದು ಬೆಂಗಳೂರಿಗೆ ಬಂದಾಗ ಮೊದಲು ಬೀದಿ ದೀಪ ಹತ್ತಿದ್ದು ಇದೇ ಮಾರ್ಕೆಟ್ ಸುತ್ತಮುತ್ತ. ರಾತ್ರಿಯಿಡೀ ಎಚ್ಚರ ಇರೋ ಈ ಜಾಗಕ್ಕೆ ಅದು ಸರಿಯಾಗೇ ಇದೆ.

ತಿಗಳರು ತೋಟಗಾರಿಕೆಯ ಜನ. ಹೂವು, ತರಕಾರಿ ಬೆಳೆದು ಊರಿಗೆ ಕೊಟ್ಟವರು. ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಚೈತ್ರ ಹುಣ್ಣಿಮೆ ರಾತ್ರಿ ಅವರ ಕರಗ ಹೊರಡುತ್ತೆ. ಮಲ್ಲಿಗೆ ಹೂವಿನಲ್ಲಿ ಮುಚ್ಚಿದ ಆ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗಬೇಕು, ಅದು ಪದ್ಧತಿ. ಬೆಳಗಿನ ಜಾವ ನಾವು ನಡೆದು ಬಂದದ್ದು ಅದೇ ಕಾಟನ್‌ಪೇಟೆ. ಕತ್ತಲಲ್ಲಿ ಗೊತ್ತೇ ಆಗಿರಲಿಲ್ಲ.

ಇನ್ನು ಹೂವು. ದೀಪಾವಳಿಗೆ, ಆಯುಧಪೂಜೆಗೆ ಚೆಂಡು ಹೂವಿಲ್ಲದೆ ನಮ್ಮಲ್ಲಿ ಟ್ರ್ಯಾಕ್ಟರ್ ಕೂಡ ಹೊರಡಲ್ಲ. ಆ ಹೂವಿನ ತವರು ಮೆಕ್ಸಿಕೋ ಕಡೆ. ಅಲ್ಲಿ ನವೆಂಬರ್ ಮೊದಲ ಎರಡು ದಿನ ಸತ್ತ ಹಿರಿಯರನ್ನ ನೆನೆಯೋ ಹಬ್ಬಕ್ಕೆ ಇದೇ ಹೂವನ್ನ ಸಮಾಧಿಗೆ ಹಾಕ್ತಾರೆ. ನಾವು ಅದೇ ಹೊತ್ತಿಗೆ ಬಾಗಿಲಿಗೆ ತೋರಣ ಕಟ್ತೀವಿ. ಸುಗಂಧರಾಜವೂ ಮೆಕ್ಸಿಕೋದ್ದೇ. ಸೇವಂತಿಗೆ ಚೀನಾದ್ದು. ಪಕ್ಕದ ತರಕಾರಿ ಸಾಲಿಗೆ ಹೋದ್ರೆ ಟೊಮೆಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ, ಮೂರೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಇವನ್ನೆಲ್ಲ ತೆಗೆದ್ರೆ ನಮ್ಮ ಮೆಸ್‌ನ ಸಾಂಬಾರಿನಲ್ಲಿ ಏನು ಉಳಿಯುತ್ತೆ ಅಂತ ಯೋಚಿಸಿ.

38 ರೂಪಾಯಿ ಎಲ್ಲಿ ಹೋಯ್ತು

ಈಗ ಕಳ್ಳನ ವಿಷಯ. ಎಂಟೂವರೆಗೆ ಗಲಾಟೆ ಸ್ವಲ್ಪ ಇಳಿದ ಮೇಲೆ ಯಜಮಾನರಿಗೆ ನಮ್ಮ ಆ್ಯಪ್ ವಿಚಾರ ಹೇಳಿದ್ವಿ. ಅವರು ಪೂರ್ತಿ ಕೇಳಿದ್ರು. ಆಮೇಲೆ ಮೂರೇ ಪ್ರಶ್ನೆ.

"ಹೂ ಬಾಡಿದ್ರೆ ನಿಮ್ ಆ್ಯಪ್ ದುಡ್ಡು ಕೊಡ್ತದಾ?"

"ನಾಟಿ ಮಾಡೋವಾಗ ರೈತನ ಹತ್ರ ಸಸಿಗೆ ದುಡ್ಡಿರಲ್ಲ. ನಾನು ಮುಂಗಡ ಕೊಡ್ತೀನಿ. ನಿಮ್ ಆ್ಯಪ್ ಕೊಡ್ತದಾ?"

"ಮಂಟಪದ ಹುಡುಗ ಮಾಲ್ ತಗೊಂಡು ಹೋಗಿ ಮದುವೆ ಮುಗಿದ್ಮೇಲೆ ಹಣ ಕೊಡ್ತಾನೆ. ಅಲ್ಲೀತನಕ ರೈತನಿಗೆ ಯಾರು ಕೊಡ್ತಾರೆ?"

ನಮ್ಮ ಹತ್ರ ಉತ್ತರ ಇರಲಿಲ್ಲ. ಜಗಳೂರು ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದಳು. ಅಪ್ಪಾಜಿ 100 ಕೆಜಿ ಹೂವನ್ನ ನೇರ ಇಲ್ಲಿಗೇ ಕಳಿಸಿದ್ರು ಅಂತ ಇಟ್ಕೊಳ್ಳೋಣ. ಅವತ್ತಿನ ಬೆಲೆಯಲ್ಲೇ ಲೆಕ್ಕ:

ಮೊದಲ 40 ಕೆಜಿ 60ರಂತೆ: 2,400 ರೂಪಾಯಿ
ಆಮೇಲೆ 30 ಕೆಜಿ 45ರಂತೆ: 1,350
ಆಮೇಲೆ 20 ಕೆಜಿ 25ರಂತೆ: 500
ಉಳಿದ 10 ಕೆಜಿ ಕಸಕ್ಕೆ: 0
ಒಟ್ಟು: 4,250

ಇದರಲ್ಲಿ ಆ ಮಂಡಿಯವರು ಹೇಳಿದ ಹಾಗೆ ನೂರಕ್ಕೆ ಹತ್ತು ಕಮಿಷನ್, 425. ಊರಿಂದ ಬಸ್ಸೋ ಟೆಂಪೋನೋ ಹಿಡಿದು ಇಲ್ಲೀತನಕ ತರೋಕೆ ನಾವು ವಿಚಾರಿಸಿದ ಪ್ರಕಾರ ಕೆಜಿಗೆ 5ರಂತೆ 500. ಹಮಾಲಿ 100. ಚೀಲಕ್ಕೆ 50. ಒಟ್ಟು ಖರ್ಚು 1,075. ಉಳಿದದ್ದು 3,175. ಅಂದ್ರೆ ಕೆಜಿಗೆ 31 ರೂಪಾಯಿ 75 ಪೈಸೆ.

ಊರಲ್ಲಿ ಸಿಕ್ಕಿದ್ದು 22. ನಾವು ಹುಡುಕ್ತಾ ಇದ್ದ 38 ರೂಪಾಯಿ ಕರಗಿ ಕರಗಿ 9 ರೂಪಾಯಿ 75 ಪೈಸೆಗೆ ಬಂತು. ಉಳಿದ 28 ರೂಪಾಯಿಯನ್ನ ಯಾರೂ ಕದ್ದಿರಲಿಲ್ಲ. ಸ್ವಲ್ಪ ಡ್ರೈವರ್‌ಗೆ, ಸ್ವಲ್ಪ ಹಮಾಲನಿಗೆ, ಸ್ವಲ್ಪ ಮಂಡಿಗೆ. ಅತಿ ದೊಡ್ಡ ಪಾಲು, ಹದಿನೇಳೂವರೆ ರೂಪಾಯಿ, ಯಾರ ಕೈಗೂ ಬರದೆ ಬಿಸಿಲಿಗೆ ಹೋಗಿತ್ತು. ಯಾಕಂದ್ರೆ ದಿನದ ಸರಾಸರಿ ಬೆಲೆ 60 ಅಲ್ಲ, 42.50.

ಇಷ್ಟಕ್ಕೆ ದಲ್ಲಾಳಿಗಳೆಲ್ಲ ದೇವರು ಅಂತ ನಾವು ಹೇಳ್ತಿಲ್ಲ. ಮೂರು ಕ್ವಿಂಟಲ್‌ಗೆ ಆ 9.75ರ ಲೆಕ್ಕ ಹಾಕಿದ್ರೆ 2,925 ರೂಪಾಯಿ. ಫೀಸಿನ ಕಂತು ಕಟ್ಟಬೇಕಾದ ಮನೆಗೆ ಅದು ಸಣ್ಣ ದುಡ್ಡಲ್ಲ. ಮುಂಗಡ ತಗೊಂಡ ರೈತ ಅದೇ ಮಂಡಿಗೆ ಹಾಕಬೇಕು. ಬೇರೆ ಕಡೆ ಹತ್ತು ರೂಪಾಯಿ ಜಾಸ್ತಿ ಇದ್ರೂ ಹೋಗೋ ಹಾಗಿಲ್ಲ. ಊರಿನ ಆ ಮಂಡಿ ಚೀಟಿಯಲ್ಲಿ ತೂಕದಲ್ಲಿ ಎಷ್ಟು ಕಳೆದ್ರು, ಯಾಕೆ ಕಳೆದ್ರು ಅನ್ನೋದು ಓದೋಕೇ ಆಗ್ತಿರಲಿಲ್ಲ. ಪೆನ್ಸಿಲ್‌ನಲ್ಲಿ ಬರೆದ ಒಂದು ಅಂಕಿ, ಅದರ ಕೆಳಗೆ ಒಂದು ಗೆರೆ, ಅಷ್ಟೇ. ಅಪ್ಪಾಜಿಗೆ ಸಿಟ್ಟು ಬಂದದ್ದು 22ಕ್ಕಿಂತ ಹೆಚ್ಚಾಗಿ ಆ ಚೀಟಿಗೆ ಅಂತ ನಮಗೆ ಈಗ ಅನ್ನಿಸುತ್ತೆ. ಲೆಕ್ಕ ಗೊತ್ತಾಗದೇ ಇದ್ದಾಗ ಎಲ್ಲರೂ ಕಳ್ಳರ ಹಾಗೇ ಕಾಣ್ತಾರೆ.

ಚಿಕ್ಕಪೇಟೆಯಲ್ಲಿ ನ್ಯಾಮತಿ

ಹನ್ನೊಂದು ದಾಟಿದ ಮೇಲೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳನ್ನ ನೋಡ್ತಾ ಚಿಕ್ಕಪೇಟೆಗೆ ಬಂದ್ವಿ. ನ್ಯಾಮತಿಗೆ ಅಲ್ಲಿ ಒಂದು ಕೆಲಸ ಇತ್ತು. ಅವಳು ತಾಂಡಾದ ಹುಡುಗಿ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರೋದು ಅವಳ ತಾಲ್ಲೂಕಿನಲ್ಲೇ. ಅವಳ ಯಾಡಿ, ಅಂದ್ರೆ ಅಮ್ಮ, ಕಸೂತಿಗೆ ಹಾಕೋ ಕನ್ನಡಿ ಚೂರು, ಮಣಿ ತರೋಕೆ ಹೇಳಿದ್ರು.

ಅಂಗಡಿಯವರು ಮಾರವಾಡಿ. ನಮ್ಮ ಜೊತೆ ಸರಾಗ ಕನ್ನಡ ಮಾತಾಡ್ತಾ, ಒಳಗೆ ಕೂತ ಹೆಂಗಸರ ಜೊತೆ ಮನೆಮಾತು ಆಡ್ತಿದ್ರು. ಮಧ್ಯಾಹ್ನದ ಊಟಕ್ಕೆ ಬಾಟಿ ಅಂತ ಏನೋ ಹೇಳಿದ್ದು ಕೇಳಿಸ್ತು. ನ್ಯಾಮತಿ ತಟ್ಟನೆ ತಲೆ ಎತ್ತಿದಳು. ಅವಳ ಮನೆಯಲ್ಲಿ ರೊಟ್ಟಿಗೂ ಬಾಟಿ ಅಂತಲೇ ಅಂತಾರೆ. ಅವಳು ಗೋರ್‌ಬೋಲಿಯಲ್ಲಿ ಒಂದು ಮಾತು ಕೇಳಿದಳು, ಅವರು ಅವರ ಭಾಷೆಯಲ್ಲಿ ಉತ್ತರ ಕೊಟ್ಟರು. ಪೂರ್ತಿ ಒಂದೇ ಅಲ್ಲ, ಆದ್ರೆ ಇಬ್ಬರಿಗೂ ಮುಕ್ಕಾಲು ಅರ್ಥ ಆಯ್ತು. ನಾವು ಮೂವರೂ ಬಾಯಿ ಬಿಟ್ಟು ನೋಡ್ತಾ ನಿಂತ್ವಿ.

ಇದರಲ್ಲಿ ಪವಾಡ ಏನಿಲ್ಲ. ಲಂಬಾಣಿ ಭಾಷೆ ರಾಜಸ್ತಾನದ ಭಾಷೆಗಳ ನೆಂಟ. ಬಂಜಾರರು ಎತ್ತುಗಳ ಬೆನ್ನಿಗೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನ್‌ನಲ್ಲೆಲ್ಲ ಊರಿಂದ ಊರಿಗೆ ಸಾಗಿಸ್ತಿದ್ದ ವ್ಯಾಪಾರಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂತು, ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ ಬಂತು, ಎತ್ತಿನ ಸಾಗಣೆ ನಿಂತಿತು, ಜನ ತಾಂಡಾಗಳಲ್ಲಿ ನೆಲೆ ನಿಂತರು. ಹಾಗೆ ನೋಡಿದ್ರೆ ನಮ್ಮ ನಾಲ್ವರಲ್ಲಿ ನಿಜವಾದ ಸಪ್ಲೈ ಚೈನ್ ಮನೆತನದವಳು ನ್ಯಾಮತಿಯೇ. "ಮಾರ್ಕೆಟ್ ನೋಡೋಕೆ ಬೆಂಗಳೂರಿಗೆ ಬಂದ್ವಿ ಅಂದ್ಕೊಂಡೆ. ನಮ್ಮಜ್ಜಂದಿರೇ ಮಾರ್ಕೆಟ್ ಆಗಿದ್ರು" ಅಂತ ಅವಳು ವಾಪಸ್ ಬರೋವಾಗ ಅಂದಳು. ಕನ್ನಡಿ ಚೂರಿಗೆ ಅವರು ಹಣ ಬಿಡಲಿಲ್ಲ, ಆದ್ರೆ ಒಂದು ಹಿಡಿ ಮಣಿ ಜಾಸ್ತಿ ಹಾಕಿದ್ರು.

ಆ್ಯಪ್ ಏನಾಯ್ತು

ಪ್ರಾಜೆಕ್ಟ್ ಬಿಟ್ಟಿಲ್ಲ, ತಿರುಗಿಸಿದ್ದೀವಿ. ದಲ್ಲಾಳಿಯನ್ನ ತೆಗೆಯೋ ಆ್ಯಪ್ ಅಲ್ಲ ಈಗ ಅದು. ಎರಡೇ ಕೆಲಸ ಮಾಡುತ್ತೆ.

ಒಂದು: ಬೇರೆ ಬೇರೆ ಮಾರುಕಟ್ಟೆಯ ಹೂವಿನ ಬೆಲೆಯನ್ನ ಗಂಟೆಯ ಸಮೇತ ಹೇಳೋದು. "ಬೆಂಗಳೂರು 60" ಅಂತ ಬರೀ ಒಂದು ಅಂಕಿ ಅಲ್ಲ, ನಾಲ್ಕೂವರೆಗೆ ಎಷ್ಟು, ಏಳಕ್ಕೆ ಎಷ್ಟು, ಒಂಬತ್ತೂವರೆಗೆ ಎಷ್ಟು, ಸಾಗಣೆ ಕಳೆದ್ರೆ ಕೈಗೆ ಎಷ್ಟು. ಅಡಿಕೆ, ಮೆಕ್ಕೆಜೋಳದಂಥ ಬೆಳೆಗೆ 2014ರಿಂದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯ ಆನ್‌ಲೈನ್ ಟೆಂಡರ್ ಇದೆ. ಆದ್ರೆ ದಿನದ ಸರಾಸರಿ ಹೇಳಿದ್ರೆ ಹೂವಿನವರಿಗೆ ಏನೂ ಹೇಳಿದ ಹಾಗಾಗಲ್ಲ.

ಎರಡು: ಚೀಟಿ. ತೂಕ ಎಷ್ಟು, ಕಳೆದದ್ದು ಎಷ್ಟು, ಯಾಕೆ, ಯಾವ ಬೆಲೆಗೆ ಎಷ್ಟು ಹೋಯ್ತು, ಕಮಿಷನ್, ಹಮಾಲಿ, ಮುಂಗಡದ ಬಾಕಿ. ಮಂಡಿಯವರು ಅವರಿಗೆ ಬರೋ ಭಾಷೆಯಲ್ಲಿ ಅಂಕಿ ಹಾಕಿದ್ರೆ ರೈತನಿಗೆ ಅವನ ಭಾಷೆಯಲ್ಲಿ ಧ್ವನಿ ಸಂದೇಶ ಹೋಗುತ್ತೆ. ಕನ್ನಡ, ತೆಲುಗು, ತಮಿಳು, ಉರ್ದು ಸದ್ಯಕ್ಕೆ. ಗೋರ್‌ಬೋಲಿಗೆ ನ್ಯಾಮತಿಯೇ ಕೂತು ಅಂಕಿಗಳನ್ನ ರೆಕಾರ್ಡ್ ಮಾಡ್ತಿದ್ದಾಳೆ. ಯಜಮಾನರಿಗೆ ಫೋನ್ ಮಾಡಿ ಹೇಳಿದ್ವಿ. "ಲೆಕ್ಕ ತೋರಿಸೋಕೆ ನನಗೇನೂ ಭಯ ಇಲ್ಲ, ಬೇರೆಯವರ ಮಾತು ನಾನು ಹೇಳಲ್ಲ" ಅಂದ್ರು. ಮುಂಗಡದ ಸಮಸ್ಯೆಗೆ ನಮ್ಮ ಹತ್ರ ಇನ್ನೂ ಉತ್ತರ ಇಲ್ಲ. ಅದು ಕೋಡ್ ಬರೆದು ಬಗೆಹರಿಯೋ ವಿಷಯ ಅಲ್ಲ. ಅಡಿಕೆಗೆ ಇರೋ ಹಾಗೆ ಹೂವಿಗೂ ಬೆಳೆಗಾರರ ಸಂಘ ಕಟ್ಟಬೇಕಾಗುತ್ತೆ ಅನ್ನೋದು ನಮಗೆ ಅನ್ನಿಸಿದ್ದು.

ನೀವೂ ಹೋಗೋದಾದ್ರೆ

ಹಬ್ಬದ ಹಿಂದಿನ ದಿನ ಬೇಡ, ನಿಲ್ಲೋಕೂ ಜಾಗ ಇರಲ್ಲ. ವಾರದ ನಡುವಿನ ಒಂದು ದಿನ ನಾಲ್ಕೂವರೆಗೆ ಅಲ್ಲಿರಿ. ಬೆಳಗಾದ ಮೇಲಾದ್ರೆ ಹಸಿರು ಮಾರ್ಗದ ಮೆಟ್ರೋ ಇದೆ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲೇ ಇಳೀಬಹುದು. ಗಟ್ಟಿ ಚಪ್ಪಲಿ ಹಾಕ್ಕೊಳ್ಳಿ (ಜಗಳೂರಿನ ಸಲಹೆ). ಮೂಟೆ ಹೊತ್ತವರಿಗೆ ದಾರಿ ಬಿಡಿ. ಫೋಟೋ ತೆಗೆಯೋ ಮೊದಲು ಕೇಳಿ. ಏನಾದ್ರೂ ಕೊಳ್ಳಿ, ಒಂದು ಮೊಳ ಮಲ್ಲಿಗೆಯಾದ್ರೂ ಸರಿ. ಕೊಳ್ಳೋರ ಜೊತೆ ಅಲ್ಲಿ ಜನ ಮಾತಾಡ್ತಾರೆ, ಬರೀ ನೋಡೋರ ಜೊತೆ ಮಾತಾಡೋಕೆ ಅವರಿಗೆ ಪುರುಸೊತ್ತಿಲ್ಲ.

ವಾಪಸ್ ರೈಲಲ್ಲಿ ಕೂತಾಗ ಕತ್ತಲಗೆರೆ ಅಪ್ಪಾಜಿಗೆ ಫೋನ್ ಮಾಡಿ ಪೂರ್ತಿ ಲೆಕ್ಕ ಓದಿ ಹೇಳಿದ. ಸ್ಪೀಕರ್ ಹಾಕಿದ್ದ, ನಾವೂ ಕೇಳಿಸ್ಕೊಂಡ್ವಿ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪಾಜಿ ಕೇಳಿದ್ರು: "ಹಂಗಾರೆ ಮುಂದಿನ ಸಲ ಅರ್ಧ ಚೀಲ ಅಲ್ಲಿಗೆ, ಅರ್ಧ ಇಲ್ಲಿಗೆ ಹಾಕಿ ನೋಡಾಣೇನೋ? ನಾಲ್ಕು ಗಂಟೆಗೆ ಮುಟ್ಟಬೇಕು ಅಂದ್ರೆ ಇಲ್ಲಿ ಎಷ್ಟೊತ್ತಿಗೆ ಕೀಳ್ಬೇಕು?"

ನಾವು ನಾಲ್ವರೂ ಆ ಪ್ರಶ್ನೆಗೇ ಈಗ ಉತ್ತರ ಹುಡುಕ್ತಾ ಇದ್ದೀವಿ.